ಗುಜರಿ ಶಿಲ್ಪ: ವೆಲ್ಡಿಂಗಾ, ಬ್ರೇಜಿಂಗಾ, ಬೋಲ್ಟಾ, ಅಂಟಾ?

ದಾವಣಗೆರೆ ಸುತ್ತಮುತ್ತ ಗುಜರಿ ಸಾಮಾನಿಗೆ ಕೊರತೆ ಇಲ್ಲ. ಹತ್ತಿ ಗಿರಣಿಗಳಿದ್ದ ಊರು ಇದು. ಪಕ್ಕದ ಹರಿಹರದಲ್ಲಿ ದಶಕಗಳ ಕಾಲ ಲೇತ್ ಮಷೀನುಗಳು ತಯಾರಾದವು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಗಿರಣಿಗಳು, ಚಿತ್ರದುರ್ಗ ಜಿಲ್ಲೆ ತುಂಬ ಬೋರ್‌ವೆಲ್ಲುಗಳು. ಹಾಗಾಗಿ ಒಂದೇ ಅಂಗಡಿಯ ರಾಶಿಯಲ್ಲಿ ಬೀಡಿನ (ಎರಕದ ಕಬ್ಬಿಣದ) ಗೇರು, ಸತು ಲೇಪಿಸಿದ ಜಿ.ಐ. ಪೈಪು, ಸ್ಟೀಲಿನ ಪಂಪ್ ಕವಚ, ಅಲ್ಯೂಮಿನಿಯಂ ಪಿಸ್ಟನ್ನು, ಹಿತ್ತಾಳೆ ವಾಲ್ವು ಒಂದರ ಮೇಲೊಂದು ಬಿದ್ದಿರುತ್ತವೆ. ಶಿಲ್ಪ ಮಾಡುವವರಿಗೆ ಇದು ಹಬ್ಬ. ತೊಂದರೆ ಶುರುವಾಗುವುದು ಅವನ್ನೆಲ್ಲ ಮನೆಗೆ ತಂದ ಮೇಲೆ.

ದೃಶ್ಯಕಲಾ ಕಾಲೇಜಿನ ಹುಡುಗರಿಂದ ಹಿಡಿದು ನಿವೃತ್ತಿಯಾದ ಮೇಲೆ ಹವ್ಯಾಸಕ್ಕೆ ಕೈ ಹಾಕಿದವರ ತನಕ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಇದನ್ನೂ ಅದನ್ನೂ ಸೇರಿಸೋದು ಹೇಗೆ? ಹೆಚ್ಚಿನವರು ಸುಮ್ನೆ ಎಲ್ಲವನ್ನೂ ವೆಲ್ಡಿಂಗ್ ಶಾಪಿಗೆ ಹೊತ್ತುಕೊಂಡು ಹೋಗುತ್ತಾರೆ. ಅಲ್ಲಿ ಅರ್ಧ ಸಾಮಾನು ಕೂಡುತ್ತದೆ, ಉಳಿದರ್ಧ ಬಿರುಕು ಬಿಡುತ್ತದೆ ಇಲ್ಲವೇ ಕರಗಿ ಸೋರುತ್ತದೆ. ವೆಲ್ಡಿಂಗ್ ಕೆಟ್ಟದ್ದು ಅಂತಲ್ಲ. ಅದು ನಾಲ್ಕು ದಾರಿಗಳಲ್ಲಿ ಒಂದು, ಅಷ್ಟೇ.

ದಾರಿ ಆರಿಸುವ ಮುಂಚೆ

ಮೊದಲು ನೋಡಬೇಕಾದದ್ದು ಎರಡು ಲೋಹಗಳಲ್ಲಿ ಬಡವ ಯಾರು ಎಂದು. ಯಾವುದು ಬೇಗ ಕರಗುತ್ತದೆ, ಯಾವುದು ಬೇಗ ಬಿರಿಯುತ್ತದೆ, ಜೋಡಣೆ ಅದರ ಯೋಗ್ಯತೆಗೆ ತಕ್ಕಂತೆ ಇರಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಉಕ್ಕು ಕರಗಲು ಸುಮಾರು 1500 ಬೇಕು. ಇವೆರಡನ್ನೂ ಒಂದೇ ಬೆಂಕಿಯಲ್ಲಿ ಕೂಡಿಸಲು ಆಗುವುದಿಲ್ಲ.

ಎರಡನೆಯದು ಭಾರ. ಆ ಜೋಡಣೆ ಮೈಭಾರ ಹೊರುತ್ತದಾ, ಅಥವಾ ಸುಮ್ನೆ ಅಲಂಕಾರಕ್ಕೆ ಕೂತಿರುತ್ತದಾ? ಮೂರನೆಯದು ಜಾಗ. ಹಾಲಿನ ಮೂಲೆಯಲ್ಲಿ ನಿಲ್ಲುವ ಶಿಲ್ಪಕ್ಕೂ ಪಾರ್ಕಿನಲ್ಲಿ ಮಕ್ಕಳು ಹತ್ತಿ ಕೂರುವ ಶಿಲ್ಪಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ನಮ್ಮ ಕಡೆ ಗಾಳಿ ಒಣದು, ಕರಾವಳಿಯಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ, ಅದು ನಮಗೆ ಅನುಕೂಲ. ಆದರೆ ಬೇಸಿಗೆಯ ಬಿಸಿಲಿಗೆ ಕಬ್ಬಿಣ ಕೈ ಇಡಲಾಗದಷ್ಟು ಕಾಯುತ್ತದೆ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತೂ ಎಂಥದ್ದು ಅಂತ ಅಲ್ಲಿ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಹೇಳುತ್ತವೆ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಆ ಸಾಮಾನಿನ ಹಳೆಯ ಬಣ್ಣ, ತುಕ್ಕಿನ ಮಚ್ಚೆ, ಕಂಪನಿ ಸ್ಟಿಕ್ಕರು, ಕೈ ಉಜ್ಜಿ ಉಜ್ಜಿ ಬಂದ ಹೊಳಪು ನಿಮಗೆ ಬೇಕಾ? ಬೇಕಿದ್ದರೆ ಬೆಂಕಿ ಹತ್ತಿರ ಒಯ್ಯಬೇಡಿ. ವೆಲ್ಡಿಂಗ್ ಆದ ಜಾಗದ ಸುತ್ತ ಬಣ್ಣ ಸುಟ್ಟು ಕಪ್ಪಾಗುತ್ತದೆ. ಅದನ್ನು ಗ್ರೈಂಡರಿನಿಂದ ಉಜ್ಜಿ ಹೊಸ ಪೇಂಟು ಹೊಡೆದರೆ, ಆ ವಸ್ತುವನ್ನು ಗುಜರಿಯಿಂದ ಆರಿಸಿ ತಂದ ಕಾರಣವೇ ಹೋಯಿತು, ಅಲ್ವಾ?

ಇಷ್ಟಾದ ಮೇಲೆ ದುಡ್ಡು ಮತ್ತು ಸಾಗಾಟ. ಬಿಚ್ಚಿ ಟೆಂಪೋದಲ್ಲಿ ಹಾಕಬೇಕಾದ ಶಿಲ್ಪವನ್ನು ಒಂದೇ ಮುದ್ದೆಯಾಗಿ ಬೆಸೆದರೆ ಆಮೇಲೆ ಕ್ರೇನು ಕರೆಸಬೇಕಾಗುತ್ತದೆ.

ಯಾವ ಲೋಹ ಅಂತ ಗೊತ್ತಾಗುವುದು ಹೇಗೆ

ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಹಿಡಿದರೆ ಕಬ್ಬಿಣ ಅಥವಾ ಉಕ್ಕು. ಹಿಡಿಯದೆ ಹೊಳೆಯುತ್ತಿದ್ದು ಭಾರವಾಗಿದ್ದರೆ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲು. ಕೆಲವು ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಹಿಡಿಯುತ್ತದೆ, ಆದ್ದರಿಂದ ಇದೊಂದನ್ನೇ ನಂಬಬೇಡಿ. ಹಗುರವಾಗಿದ್ದರೆ ಅಲ್ಯೂಮಿನಿಯಂ.

ಆಮೇಲೆ ಗ್ರೈಂಡರಿಗೆ ಒಂದು ಕ್ಷಣ ತಾಗಿಸಿ ಕಿಡಿ ನೋಡಿ. ಮೆದು ಉಕ್ಕು, ಅಂದರೆ ಶಾಪಿನವರು ಎಂ.ಎಸ್. ಅನ್ನುವುದು, ಉದ್ದನೆಯ ಹಳದಿ ಗೆರೆ ಬಿಡುತ್ತದೆ. ಗಾಡಿಯ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್), ಬೇರಿಂಗುಗಳಲ್ಲಿ ಕಾರ್ಬನ್ ಜಾಸ್ತಿ. ಅವುಗಳ ಕಿಡಿ ತುದಿಯಲ್ಲಿ ನಕ್ಷತ್ರದಂತೆ ಒಡೆಯುತ್ತದೆ. ಬೀಡಿನ ಕಿಡಿ ಗಿಡ್ಡ, ಕೆಂಪು, ಮಂಕು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗೆ ಕಿಡಿಯೇ ಇಲ್ಲ. ಅಲ್ಯೂಮಿನಿಯಮ್ಮನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿಯಲೇಬೇಡಿ, ಕಲ್ಲಿನ ಸಂದಿಗೆ ತುಂಬಿಕೊಳ್ಳುತ್ತದೆ. ಅದಕ್ಕೆ ಅರ ಸಾಕು.

ಹಳೆಯ ಕಾರ್ಬುರೇಟರು, ಬಾಗಿಲ ಹಿಡಿ, ಆಟಿಕೆಗಳಲ್ಲಿ ಸತುವಿನ ಎರಕ ಇರುವುದುಂಟು. ಅಲ್ಯೂಮಿನಿಯಂ ತರಹವೇ ಕಾಣುತ್ತದೆ, ಆದರೆ ಕೈಯಲ್ಲಿ ಹಿಡಿದರೆ ತೂಕ ಜಾಸ್ತಿ. ಇದು 400 ಡಿಗ್ರಿ ಆಸುಪಾಸಿನಲ್ಲೇ ಕರಗಿಹೋಗುತ್ತದೆ. ಇದಕ್ಕೆ ಬೋಲ್ಟು ಅಥವಾ ಅಂಟು ಮಾತ್ರ.

ವೆಲ್ಡಿಂಗ್: ಬೆನ್ನೆಲುಬಿಗೆ

ಭಾರ ಹೊರುವ ಅಸ್ಥಿಪಂಜರಕ್ಕೆ ವೆಲ್ಡಿಂಗ್ ಬಿಟ್ಟರೆ ಬೇರೆ ಇಲ್ಲ. ಎಂ.ಎಸ್. ಸರಳು, ಪೈಪು, ಆ್ಯಂಗಲ್ಲುಗಳಿಗೆ ಶಾಪಿನಲ್ಲಿ ದಿನಾ ಬಳಸುವ 6013 ನಂಬರಿನ ವೆಲ್ಡಿಂಗ್ ರಾಡು ಸಾಕು. ಅಗ್ಗ, ಗಟ್ಟಿ, ಬೇಗ ಮುಗಿಯುತ್ತದೆ.

ಲೋಹ ಬದಲಾದಾಗ ರಾಡೂ ಬದಲಾಗಬೇಕು. ಸ್ಟೇನ್‌ಲೆಸ್ಸನ್ನು ಎಂ.ಎಸ್.ಗೆ ಸೇರಿಸಲು 309 ಎಲ್ ರಾಡು. ಕಮಾನು ಪಟ್ಟಿಯಂಥ ಗಡಸು ಉಕ್ಕಿಗೆ, ಯಾವ ಜಾತಿ ಅಂತ ಗೊತ್ತಾಗದ ಉಕ್ಕಿಗೆ 312. ಇವುಗಳ ಬೆಲೆ ಜಾಸ್ತಿ, ಆದರೆ ಶಿಲ್ಪಕ್ಕೆ ಬೇಕಾಗುವುದು ಕೆಲವೇ ರಾಡು. ಗೇಟು, ಗ್ರಿಲ್ಲು, ಟ್ರೇಲರ್ ಕೆಲಸ ಮಾಡುವ ಶಾಪುಗಳಲ್ಲಿ ಇವು ಕೈಗೆ ಸಿಗುವ ಹಾಗೆ ಇರುವುದಿಲ್ಲ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಬಿಡಿ ರಾಡು ಕೊಂಡು ನೀವೇ ಒಯ್ದು, "ಈ ಜಾಗಕ್ಕೆ ಇದನ್ನೇ ಹಾಕಿ" ಅನ್ನಿ. ಒಳ್ಳೆ ವೆಲ್ಡರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೀಡು ಕಬ್ಬಿಣದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆ ಸಿಗುವ ಚೆಂದದ ಸಾಮಾನೆಲ್ಲ ಹೆಚ್ಚಾಗಿ ಬೀಡೇ. ಗಿರಣಿ ಗೇರು, ಲೇತಿನ ಚಕ್ರ, ಹಳೆ ಪಂಪಿನ ಮೈ. ಬೀಡಿನಲ್ಲಿ ಕಾರ್ಬನ್ ಶೇಕಡಾ 2ಕ್ಕಿಂತ ಹೆಚ್ಚು. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಎಳೆತ ತಡೆಯಲಾರದೆ ಬಿರಿಯುತ್ತದೆ. 6013 ಹಾಕಿದರೆ ಆ ಕ್ಷಣಕ್ಕೆ ಕೂತಂತೆ ಕಾಣುತ್ತದೆ. ತಣ್ಣಗಾಗುವಾಗ "ಟಿಕ್" ಅನ್ನುವ ಸಣ್ಣ ಸದ್ದು ಬರುತ್ತದೆ. ನೋಡಿದರೆ ಬೆಸುಗೆಯ ಅಂಚಿನಗುಂಟ ಕೂದಲೆಳೆಯ ಬಿರುಕು.

ಇದಕ್ಕೆ ನಿಕ್ಕಲ್ ರಾಡು ಬೇಕು. ಬೀಡಿಗೆ ಉಕ್ಕನ್ನು ಸೇರಿಸುವುದಾದರೆ ನಿಕ್ಕಲ್ ಮತ್ತು ಕಬ್ಬಿಣ ಬೆರೆತ ರಾಡು ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಒಂದು ಇಂಚಿನಷ್ಟು ಮಾತ್ರ ಬೆಸುಗೆ ಎಳೆಯಬೇಕು. ಬಿಸಿ ಇರುವಾಗಲೇ ಗುಂಡುತಲೆಯ ಸುತ್ತಿಗೆಯಿಂದ ಹಗುರವಾಗಿ ಬಡಿಯಬೇಕು. ಕೈ ಇಡುವಷ್ಟು ತಣ್ಣಗಾದ ಮೇಲೆ ಇನ್ನೊಂದು ಇಂಚು, ಅದೂ ಬೇರೆ ಬದಿಯಲ್ಲಿ. ನೀರು ಹಾಕಿ ತಣಿಸಲೇಬಾರದು. ನಿಕ್ಕಲ್ ರಾಡು ಸಾದಾ ರಾಡಿಗಿಂತ ಎಷ್ಟೋ ಪಟ್ಟು ದುಬಾರಿ, ಸಮಯವೂ ಜಾಸ್ತಿ ಹಿಡಿಯುತ್ತದೆ. ಗೇರಿನ ನಡುವೆ ಹೇಗೂ ದೊಡ್ಡ ತೂತು ಇರುತ್ತದಲ್ಲ? ಅದರೊಳಗೆ ಸರಳು ತೂರಿಸಿ ಎರಡೂ ಕಡೆ ನಟ್ಟು ಬಿಗಿದರೆ ಈ ಕಷ್ಟವೇ ಬೇಡ. ಬೀಡಿನ ವಿಷಯದಲ್ಲಿ ನಾನು ಮೊದಲು ಹುಡುಕುವುದು ತೂತನ್ನೇ.

ಕೆಲವನ್ನು ಬೆಂಕಿಗೆ ಒಡ್ಡಲೇಬಾರದು. ಬೈಕಿನ ಪೆಟ್ರೋಲ್ ಟ್ಯಾಂಕು ಎಷ್ಟು ವರ್ಷ ಖಾಲಿ ಬಿದ್ದಿದ್ದರೂ ಒಳಗೆ ಆವಿ ಉಳಿದಿರಬಹುದು, ಸಿಡಿಯುತ್ತದೆ. ಶಾಕ್ ಅಬ್ಸಾರ್ಬರಿನ ಒಳಗೆ ಎಣ್ಣೆ, ಕೆಲವದರಲ್ಲಿ ಒತ್ತಡದ ಗ್ಯಾಸೂ ಮುಚ್ಚಿಕೊಂಡಿರುತ್ತದೆ. ಅದೂ ಹಾಗೆಯೇ. ಇವೆರಡನ್ನೂ ಕ್ಲ್ಯಾಂಪ್ ಹಾಕಿ ಬೋಲ್ಟಿನಿಂದಲೇ ಹಿಡಿಸಿ. ಕ್ರೋಮ್ ಲೇಪನದ ಹ್ಯಾಂಡಲ್ಲು, ಬಂಪರುಗಳ ಹೊಗೆ ಶ್ವಾಸಕೋಶಕ್ಕೆ ವಿಷ. ಜಿ.ಐ. ಪೈಪಿನ ಮೇಲಿನ ಸತು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆ ಕಳೆದ ಮೇಲೆ ಚಳಿ ಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತೆ ಅನ್ನುವ ಮಾತು ಶಾಪುಗಳಲ್ಲಿ ಚಾಲ್ತಿಯಲ್ಲಿದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೆಸೆಯುವ ಜಾಗದ ಎರಡೂ ಪಕ್ಕ ಎರಡು ಇಂಚು ಸತುವನ್ನು ಮೊದಲೇ ಉಜ್ಜಿ ತೆಗೆಯಿರಿ, ಬಯಲಲ್ಲಿ ಕೆಲಸ ಮಾಡಿ, ಲೋಹದ ಹೊಗೆ ತಡೆಯುವ ಮಾಸ್ಕು ಹಾಕಿ.

ಬ್ರೇಜಿಂಗ್: ತಾಮ್ರ, ಹಿತ್ತಾಳೆಗೆ

ಇಲ್ಲಿ ಮೂಲ ಲೋಹ ಕರಗುವುದಿಲ್ಲ. ನಡುವೆ ಹಾಕುವ ರಾಡು ಮಾತ್ರ ಕರಗಿ ಸಂದಿಯೊಳಗೆ ತಾನಾಗಿ ಹರಿದು ಹಿಡಿದುಕೊಳ್ಳುತ್ತದೆ. ಹಾಗಾಗಿ ತಾಮ್ರಕ್ಕೆ ಉಕ್ಕು, ಹಿತ್ತಾಳೆಗೆ ಸ್ಟೇನ್‌ಲೆಸ್ ಹೀಗೆ ಹೊಂದದ ಜೋಡಿಗಳಿಗೂ ನಡೆಯುತ್ತದೆ. ಫ್ರಿಜ್ಜು, ಏಸಿ ರಿಪೇರಿಯವರು ತಾಮ್ರದ ಕೊಳವೆಗೆ ಮಾಡುವುದು ಇದನ್ನೇ. ವೆಲ್ಡಿಂಗ್ ಶಾಪಿಗಿಂತ ಅವರ ಹತ್ತಿರ ಹೋದರೆ ಈ ಕೆಲಸ ನಾಜೂಕಾಗಿ ಆಗುತ್ತದೆ.

ಬಿಳಿಗಾರ ಹಾಕಿ ಹಿತ್ತಾಳೆ ರಾಡಿನಿಂದ ಮಾಡುವುದು ಅಗ್ಗ. ಆದರೆ ಅದಕ್ಕೆ 900 ಡಿಗ್ರಿ ಹತ್ತಿರದ ಕಾವು ಬೇಕು. ಹಿತ್ತಾಳೆ ಚೊಂಬನ್ನೇ ಸೇರಿಸಹೊರಟರೆ ರಾಡಿನ ಜೊತೆ ಚೊಂಬೂ ಕುಸಿಯುತ್ತದೆ. ಅಂಥಲ್ಲಿ ಬೆಳ್ಳಿ ಬೆರೆತ ರಾಡು ಬೇಕು, ಅದು 600ರಿಂದ 750 ಡಿಗ್ರಿಯೊಳಗೆ ಹರಿಯುತ್ತದೆ. ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದು ಅಂತ ಕೇಳಿ ತೆಗೆದುಕೊಳ್ಳಿ, ಕ್ಯಾಡ್ಮಿಯಂ ಹೊಗೆ ಪ್ರಾಣಕ್ಕೇ ಅಪಾಯ. ಬೆಳ್ಳಿ ಇರುವುದರಿಂದ ಬೆಲೆ ಏರಿದೆ. ಅದಕ್ಕೇ ಸಣ್ಣ ಜೋಡಣೆಗಷ್ಟೇ ಇದನ್ನು ಬಳಸಿ. ಎರಡು ಭಾಗಗಳ ನಡುವಿನ ಸಂದಿ ಕಾಗದದಷ್ಟು ತೆಳುವಿರಬೇಕು, ಮೇಲ್ಮೈ ಚೊಕ್ಕಟವಿರಬೇಕು. ದೊಡ್ಡ ಸಂದಿಗೆ ರಾಡು ಸುರಿದು ತುಂಬಿಸುವುದು ದುಡ್ಡಿನ ದಂಡ.

ತವರದ ಬೆಸುಗೆ ಇನ್ನೂ ತಣ್ಣಗಿನ ಕೆಲಸ, 200 ಡಿಗ್ರಿ ಸುತ್ತಮುತ್ತ ಮುಗಿಯುತ್ತದೆ. ಮೋಟಾರಿನ ತಾಮ್ರದ ತಂತಿ ಹೆಣೆದು ಹಕ್ಕಿಗೂಡು ಮಾಡುವವರಿಗೆ ಸರಿ. ಭಾರ ಹೊರಿಸಬೇಡಿ.

ಬೋಲ್ಟು, ರಿವೆಟ್ಟು: ನನ್ನ ಮತ ಇದಕ್ಕೆ

ಗುಜರಿಯ ಪ್ರತಿಯೊಂದು ಭಾಗವೂ ಒಂದು ಕಾಲಕ್ಕೆ ಇನ್ಯಾವುದಕ್ಕೋ ಸೇರಿಕೊಂಡೇ ಇತ್ತು. ಆ ತೂತು, ಆ ಥ್ರೆಡ್ಡು, ಆ ಕಚ್ಚು ಈಗಲೂ ಅದರಲ್ಲಿ ಇರುತ್ತದೆ. ಪಿಸ್ಟನ್ನಿನಲ್ಲಿ ಅಡ್ಡಲಾಗಿ ಪಿನ್ನು ಕೂರುವ ತೂತಿದೆ. ಟ್ರ್ಯಾಕ್ಟರ್ ಕಲ್ಟಿವೇಟರಿನ ಕುಳದಲ್ಲಿ ಬೋಲ್ಟಿನ ತೂತುಗಳಿವೆ. ಗೇರಿಗೆ ಶಾಫ್ಟಿನ ತೂತು, ಜಿ.ಐ. ಪೈಪಿನ ತುದಿಗೆ ಥ್ರೆಡ್ಡು. ಇವನ್ನು ಬಳಸಿಕೊಂಡರೆ ಬೆಂಕಿ ಬೇಡ, ಲೋಹದ ಜಾತಿ ಕೇಳಬೇಕಾಗಿಲ್ಲ, ಹಳೆಯ ಬಣ್ಣ ಉಳಿಯುತ್ತದೆ, ತಪ್ಪಾದರೆ ಬಿಚ್ಚಿ ಮತ್ತೆ ಹಾಕಬಹುದು. ಉಕ್ಕಿನ ಅಸ್ಥಿಪಂಜರಕ್ಕೆ ಒಂದು ಎಂ.ಎಸ್. ಪಟ್ಟಿ ಬೆಸೆದು, ಆ ಪಟ್ಟಿಗೆ ತೂತು ಕೊರೆದು, ಅಲ್ಯೂಮಿನಿಯಂ ಅಥವಾ ಹಿತ್ತಾಳೆಯನ್ನು ಬೋಲ್ಟಿನಲ್ಲಿ ಕಟ್ಟುವುದು ನಾನು ಕಂಡ ಅತಿ ನಂಬಿಕೆಯ ದಾರಿ.

ಇದರಲ್ಲೂ ಒಂದು ಎಚ್ಚರ ಬೇಕು. ಎರಡು ಬೇರೆ ಲೋಹ ಮುಟ್ಟಿಕೊಂಡಿದ್ದು ನಡುವೆ ನೀರು ನಿಂತರೆ, ಅದು ಸಣ್ಣ ಬ್ಯಾಟರಿಯ ಕೆಲಸ ಮಾಡುತ್ತದೆ. ಎರಡರಲ್ಲಿ ಒಂದನ್ನು ತಿಂದುಹಾಕುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದರೆ ಅಲ್ಯೂಮಿನಿಯಂ ಹೋಗುತ್ತದೆ. ತಾಮ್ರ ಮತ್ತು ಕಬ್ಬಿಣ ಸೇರಿದರೆ ಕಬ್ಬಿಣ. ಸೋಲುವ ಲೋಹ ಸಣ್ಣದಿದ್ದು ಗೆಲ್ಲುವ ಲೋಹ ದೊಡ್ಡದಿದ್ದರೆ ಹಾನಿ ಬಹಳ ಬೇಗ. ಅಗಲವಾದ ತಾಮ್ರದ ತಗಡಿಗೆ ಕಬ್ಬಿಣದ ರಿವೆಟ್ಟು ಹೊಡೆದು ಮಳೆಗೆ ಬಿಟ್ಟರೆ ರಿವೆಟ್ಟೇ ಕರಗಿಹೋಗುತ್ತದೆ. ದೊಡ್ಡ ಕಬ್ಬಿಣದ ಹಾಳೆಗೆ ತಾಮ್ರದ ರಿವೆಟ್ಟು ಹಾಕಿದರೆ ಅಷ್ಟು ತೊಂದರೆಯಿಲ್ಲ. ಮನೆಯೊಳಗಿನ ಶಿಲ್ಪಕ್ಕೆ ಇದರ ಚಿಂತೆ ಬೇಡವೇ ಬೇಡ. ಹೊರಗಿಡುವುದಾದರೆ ಎರಡು ಲೋಹಗಳ ನಡುವೆ ನೈಲಾನ್ ವಾಷರ್ ಅಥವಾ ಹಳೆ ಟ್ಯೂಬಿನ ರಬ್ಬರು ಇಡಿ. ಬೋಲ್ಟಿನ ಮೈಗೂ ತೂತಿನ ಒಳಗೆ ಪ್ಲಾಸ್ಟಿಕ್ ಕೊಳವೆಯ ಒಂದು ತುಂಡು ತೊಡಿಸಿ. ಇದನ್ನು ಬಿಟ್ಟು ಬರೀ ವಾಷರ್ ಹಾಕಿದರೆ ಬೋಲ್ಟಿನ ಮೂಲಕವೇ ಎರಡೂ ಮುಟ್ಟಿಕೊಳ್ಳುತ್ತವೆ.

ಗಾಳಿಗೆ ನಟ್ಟು ಸಡಿಲವಾಗುತ್ತದೆ. ಹೊರಗಿನ ಕೆಲಸಕ್ಕೆ ಒಳಗೆ ನೈಲಾನ್ ಬಳೆ ಇರುವ ನಟ್ಟು ಹಾಕಿ, ಇಲ್ಲವೇ ಎರಡು ನಟ್ಟು ಒಂದರ ಮೇಲೊಂದು ಬಿಗಿಯಿರಿ.

ಬೋಲ್ಟು ಕಾಣುತ್ತದೆ, ಅಂದ ಕೆಡುತ್ತದೆ ಅನ್ನುವವರಿದ್ದಾರೆ. ಬಳಸಿ ಬಿಟ್ಟ ಯಂತ್ರದ ಭಾಗಗಳಿಂದಲೇ ಮಾಡಿದ ಶಿಲ್ಪದಲ್ಲಿ ಬೋಲ್ಟಿನ ತಲೆ ಕಂಡರೆ ತಪ್ಪೇನು? ಮರೆಸಲೇಬೇಕೆಂದರೆ ಹಿಂದಿನಿಂದ ಅರ್ಧ ಆಳ ಕೊರೆದು ಟ್ಯಾಪ್ ಹಾಕಿ ಥ್ರೆಡ್ ಮಾಡಿಸಿ, ಲೇತ್ ಶಾಪಿನಲ್ಲಿ ಮಾಡಿಕೊಡುತ್ತಾರೆ. ತೆಳು ತಗಡಿಗೆ ಪಾಪ್ ರಿವೆಟ್ಟು ಬೋಲ್ಟಿಗಿಂತ ಸಲೀಸು. ಹಿಂಬದಿಗೆ ಕೈ ಹೋಗದ ಕಡೆಯೂ ಕೂರುತ್ತದೆ.

ಅಂಟು: ಎಲ್ಲಿ ಸಾಕು, ಎಲ್ಲಿ ಸಾಲದು

ಎರಡು ಟ್ಯೂಬಿನ ಅರಾಲ್ಡೈಟ್, ಮುದ್ದೆಯ ಎಂ-ಸೀಲ್ ಕೈಗೆಟಕುವ ಬೆಲೆಯವು, ಯಾವ ಲೋಹಕ್ಕಾದರೂ ಹಿಡಿಯುತ್ತವೆ. ಅರದಿಂದ ಒರಟು ಮಾಡಿ, ಥಿನ್ನರಿನಿಂದ ಎಣ್ಣೆ ಒರೆಸಿ, ಒಂದು ದಿನ ಅಲುಗಿಸದೆ ಬಿಟ್ಟರೆ ಚೆನ್ನಾಗಿ ಕೂರುತ್ತದೆ. ಆದರೆ ಇಂಥ ಸಾಮಾನ್ಯ ಎಪಾಕ್ಸಿ ಅಂಟು 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಕಬ್ಬಿಣ ಆ ಮಟ್ಟಕ್ಕೆ ಹೋಗುವುದು ಕಷ್ಟವೇನಲ್ಲ. ನೇರ ಬಿಸಿಲಿನ ಕಿರಣವೂ ಅದನ್ನು ನಿಧಾನವಾಗಿ ಹಾಳು ಮಾಡುತ್ತದೆ. ಅಂಚಿನಿಂದ ಸುಲಿಯುವ ಎಳೆತವನ್ನು ಅದು ತಡೆಯುವುದಿಲ್ಲ. ಭಾರವಿಲ್ಲದ, ನೆರಳಿನ, ಗೂಡಿನಂಥ ಜಾಗಕ್ಕೆ ಮಾತ್ರ ಇಡಿ.

ಒಂದು ಕರಡಿಯ ಲೆಕ್ಕ

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕರಡಿಯನ್ನು ಮಾಡಬೇಕು ಅಂದುಕೊಳ್ಳಿ. ಅಸ್ಥಿಪಂಜರ ಎಂ.ಎಸ್. ಸರಳು, 6013 ವೆಲ್ಡಿಂಗ್. ಜೋಲುವ ಕೂದಲಿಗೆ ಬೈಕ್ ಚೈನು. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ತೊಳೆದು ಪೂರ್ತಿ ಒಣಗಿಸಬೇಕು. ರೋಲರಿನ ಒಳಗಿನ ಗ್ರೀಸು ಉಳಿದರೆ ಬೆಸುಗೆ ಗುಳ್ಳೆ ಗುಳ್ಳೆಯಾಗುತ್ತದೆ, ಬೆಂಕಿಯೂ ಹತ್ತಬಹುದು. ಮೇಲಿನ ಒಂದು ಕೊಂಡಿಯನ್ನು ಮಾತ್ರ ಬೆಸೆದು ಉಳಿದದ್ದನ್ನು ಜೋತು ಬಿಡಿ. ಆಗ ಅದು ಕೂದಲಿನಂತೆ ಬೀಳುತ್ತದೆ.

ಉದ್ದ ಉಗುರಿಗೆ ಕಲ್ಟಿವೇಟರ್ ಕುಳ. ಅದು ಗಡಸು ಉಕ್ಕು, ಮಕ್ಕಳು ಹಿಡಿದು ಎಳೆಯುವ ಜಾಗವೂ ಹೌದು. ಅದರದೇ ತೂತಿಗೆ ಬೋಲ್ಟು, ಚೂಪು ತುದಿಗೆ ಗ್ರೈಂಡರು. ಮೂತಿಗೆ ಅಲ್ಯೂಮಿನಿಯಂ ಪಿಸ್ಟನ್ನು. ತಲೆಯಿಂದ ಒಂದು ಎಂ.ಎಸ್. ಪಟ್ಟಿ ಮುಂದಕ್ಕೆ ತಂದು ಪಿಸ್ಟನ್ನಿನ ಹೊಟ್ಟೆಯೊಳಗೆ ತೂರಿಸಿ. ಹಳೆಯ ಪಿನ್ನಿನ ತೂತಿನಲ್ಲೇ ಬೋಲ್ಟು ಹಾಯಿಸಿ, ಜೊತೆಗೆ ಪ್ಲಾಸ್ಟಿಕ್ ಕೊಳವೆ. ಹೊರಗೆ ಒಂದೂ ಕಲೆ ಕಾಣುವುದಿಲ್ಲ. ಎದೆಯ ಬಿಳಿ ಪಟ್ಟೆಗೆ ಸ್ಟೀಲ್ ಚಮಚಗಳು. ಸಾದಾ ಆರ್ಕ್ ವೆಲ್ಡಿಂಗಿಗೆ ಅವು ತೆಳುವು, ತೂತು ಬೀಳುತ್ತವೆ. ತೆಳು ಲೋಹವನ್ನೂ ನಾಜೂಕಾಗಿ ಬೆಸೆಯುವ ಟಿಗ್ ವೆಲ್ಡಿಂಗ್ ಮಾಡುವವರು ಸಿಕ್ಕರೆ ಸರಿ, ಇಲ್ಲವಾದರೆ ಸ್ಟೀಲಿನ ಪಾಪ್ ರಿವೆಟ್ಟು.

ಕಣ್ಣಿಗೆ ಬೇರಿಂಗ್ ಗುಂಡು. ಅದನ್ನು ಸಾದಾ ಡ್ರಿಲ್ಲಿನಲ್ಲಿ ಕೊರೆಯಲು ಆಗದು, ಬೆಸೆದರೆ ಹೊಳಪು ನೀಲಿಗಟ್ಟುತ್ತದೆ. ಒಂದು ದೊಡ್ಡ ನಟ್ಟನ್ನು ಕಣ್ಣಿನ ಗೂಡಾಗಿ ಬೆಸೆದು, ತಣ್ಣಗಾದ ಮೇಲೆ ಅದರೊಳಗೆ ಗುಂಡನ್ನು ಅರಾಲ್ಡೈಟ್ ಹಾಕಿ ಕೂರಿಸಿ. ಇಲ್ಲಿ ಅಂಟೇ ಸರಿಯಾದ ಆಯ್ಕೆ.

ಜೇಬಿಗೆ ತಕ್ಕಂತೆ

ಕೈಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿ ಆಗಿದ್ದರೆ ಕೈ ರಿವೆಟ್ ಗನ್ನು, ಬಾಡಿಗೆಯ ಡ್ರಿಲ್ಲು, ಗುಜರಿಯಲ್ಲೇ ಕೆ.ಜಿ. ಲೆಕ್ಕದಲ್ಲಿ ಸಿಗುವ ನಟ್ಟು ಬೋಲ್ಟು ಇಷ್ಟರಲ್ಲೇ ಎರಡಡಿ ಎತ್ತರದ ಶಿಲ್ಪ ಆಗುತ್ತದೆ. ಅಸ್ಥಿಪಂಜರವನ್ನು ಮಾತ್ರ ಶಾಪಿನಲ್ಲಿ ಮಾಡಿಸಿ. ಎಲ್ಲಿ ಪಟ್ಟಿ ಬೇಕು ಅಂತ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದೆ, ಕೂಲಿ ಉಳಿಯುತ್ತದೆ.

ಇದನ್ನೇ ಮುಂದುವರಿಸುತ್ತೇನೆ ಅನ್ನುವ ಹವ್ಯಾಸಿಗಳು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷೀನು ಕೊಳ್ಳುವುದು ಒಳ್ಳೆಯದು. ಅದು ಮನೆಯ ಕರೆಂಟಿನಲ್ಲೇ ನಡೆಯುತ್ತದೆ, 2.5 ಎಂ.ಎಂ. ರಾಡನ್ನು ಆರಾಮಾಗಿ ಓಡಿಸುತ್ತದೆ. ಮಷೀನಿನ ಜೊತೆಗೇ ಹೆಲ್ಮೆಟ್ಟು, ಚರ್ಮದ ಗವಸು, ಮಾಸ್ಕಿಗೂ ದುಡ್ಡು ತೆಗೆದಿಡಿ. ಗ್ಯಾಸಿನ ಬ್ರೇಜಿಂಗ್ ಸೆಟ್ಟು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ವರ್ಷದಲ್ಲಿ ಅಪರೂಪಕ್ಕೆ ಬೇಕಾಗುವ ಕೆಲಸ ಅದು, ಹೊರಗೆ ಮಾಡಿಸುವುದೇ ಮೇಲು.

ಶಾಲೆ, ಪಾರ್ಕು, ವೃತ್ತಕ್ಕೆ ಮಾಡಿಕೊಡುವವರು ಅಂಟನ್ನು ಕಣ್ಣು ಕಿವಿಗಷ್ಟೇ ಇಟ್ಟುಕೊಳ್ಳಿ. ಕಾಲಿನ ತುದಿಗೆ ದಪ್ಪ ಪ್ಲೇಟು ಬೆಸೆದು, ಕಾಂಕ್ರೀಟಿನಲ್ಲಿ ಹೂತ ಬೋಲ್ಟಿಗೆ ಬಿಗಿಯಿರಿ. ಮಕ್ಕಳ ಕೈ ಹೋಗುವ ಎತ್ತರದ ನಟ್ಟುಗಳನ್ನೆಲ್ಲ ಬಿಗಿದ ಮೇಲೆ ಒಂದು ಚುಕ್ಕೆ ವೆಲ್ಡಿಂಗ್ ಹಾಕಿ. ಅಲ್ಯೂಮಿನಿಯಂ ಪಕ್ಕದ ನಟ್ಟಿಗೂ ನೈಲಾನ್ ಬಳೆಯ ನಟ್ಟಿಗೂ ಇದು ಬೇಡ, ಅಲ್ಲಿ ಥ್ರೆಡ್ ಹಿಡಿಸುವ ದ್ರವ ಸಾಕು. ಟೊಳ್ಳು ಭಾಗಗಳ ತಳದಲ್ಲಿ ನೀರು ಇಳಿದುಹೋಗಲು ತೂತು ಬಿಡಿ. ಬೀಡಿನ ಬಟ್ಟಲು, ಪೈಪಿನ ಬಾಯಿ ಮೇಲ್ಮುಖವಾಗಿದ್ದರೆ ಮುಂಗಾರಿನ ನೀರು ಅಲ್ಲೇ ನಿಲ್ಲುತ್ತದೆ. ತುಕ್ಕು ಒಳಗಿನಿಂದಲೇ ಶುರುವಾಗುತ್ತದೆ. ಮೊದಲ ಮಳೆಗಾಲ ಮುಗಿದ ಮೇಲೆ ಒಂದು ಸ್ಪ್ಯಾನರ್ ಹಿಡಿದು ಹೋಗಿ ಪ್ರತಿ ನಟ್ಟನ್ನೂ ಮುಟ್ಟಿ ನೋಡಿ ಬರುವ ಖರ್ಚನ್ನು ಕೊಟೇಶನ್ನಿನಲ್ಲೇ ಸೇರಿಸಿ ಬರೆಯಿರಿ.